ಸಂಬಂಧಿಕರು ಹೊರಗಿರಬೇಕು

ಬಸ್ಸು ಶಿಡ್ಲಘಟ್ಟದ ನಿಲ್ದಾಣದಲ್ಲಿ ಬಂದು ನಿಂತಾಗಲೂ ಚನ್ನಕೇಶವನ ಮನಸ್ಸು ಆ ಒಂದು ಆಸೆಯನ್ನು ಬಿಟ್ಟು ಕದಲಿರಲಿಲ್ಲ. ಅತ್ತೆಗೆ ಮಾತು ಬರದೇ ಇರಲಿ. ಛೆ, ಪೂರ್ತಿ ಅಲ್ಲ, ಅಂಥ ಕಟುಕನೇನಲ್ಲ ಅವನು. ಕನ್ನಡದಲ್ಲಿ ಎಷ್ಟು ಬೇಕಾದರೂ ಮಾತಾಡಲಿ, ಬೈಯಲಿ, ದೇವರ ನಾಮ ಹೇಳಲಿ, ಹಾಲಿನವನ ಹತ್ತಿರ ಜಗಳ ಕಾಯಲಿ. ತೆಲುಗು ಮಾತ್ರ ಬರದಿದ್ದರೆ ಆಯಿತು. ಅದೂ ಎಂದೆಂದಿಗೂ ಅಲ್ಲವಲ್ಲ, ಇವತ್ತು ಸಾಯಂಕಾಲ ಅಜೀಜಾ ತನ್ನ ಟೇಪ್ ರೆಕಾರ್ಡರ್ ಎತ್ತಿಕೊಂಡು ಹೊರಡುವ ತನಕ. ಆಮೇಲೆ ನಾಳೆಯೇ ಬೇಕಾದರೆ ಆ ತಾಯಿಗೆ ತೆಲುಗೆಲ್ಲ ಮರಳಿ ಬರಲಿ, ಇವನೇ ಮುರುಗಮಲ್ಲದ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಬರುತ್ತಾನೆ. ಹೀಗೆ ದೇವರ ಹತ್ತಿರ ಚೌಕಾಸಿ ಮಾಡುತ್ತಾ ಮಾಡುತ್ತಾ ತನ್ನ ಮೇಲೆ ತನಗೇ ಹೇಸಿಗೆಯಾಗಿ, ಯಾರಿಗಾದರೂ ಕೇಳಿಸಿತೇನೋ ಎಂಬಂತೆ ಪಕ್ಕದ ಸೀಟಿನ ಮುದುಕನ ಕಡೆ ನೋಡಿದ. ಮುದುಕ ಕಡಲೆಕಾಯಿ ಸುಲಿಯುತ್ತಿದ್ದ.

ರೇಷ್ಮೆಗೂಡು ಬೇಯಿಸುವ ನಾತ ಕಿಟಕಿಯಿಂದ ನುಗ್ಗಿತು. ಅಜೀಜಾಳ ಮನೆ ಇದೇ ಊರಿನಲ್ಲಿ. ಅವಳ ತಂದೆ ರೇಷ್ಮೆ ನೂಲಿನ ವ್ಯಾಪಾರಿ. ಬೆಂಗಳೂರಿನ ಸಂಸ್ಥೆಯಲ್ಲಿ, ಪಾರ್ಶ್ವವಾಯು ಹೊಡೆದು ಮಾತು ನಿಂತವರಿಗೆ ಮಾತು ಕಲಿಸುವ ಕೆಲಸ ಅವಳದು. ಮಧ್ಯಾಹ್ನದ ಬಸ್ಸಿಗೆ ಬರ್ತೀನಿ ಸರ್ ಎಂದಿದ್ದಳು. ಈಗಲೇ ಇಳಿದು ಅವಳ ಮನೆಗೆ ಹೋಗಿ, ಅತ್ತೆಗೆ ಜ್ವರ, ಇವತ್ತು ಬೇಡಮ್ಮ ಎಂದುಬಿಟ್ಟರೆ? ಅರ್ಧ ಎದ್ದೂ ಬಿಟ್ಟ. ಇಳಿಯುವವನೆಂದು ಮುದುಕ ಕಾಲು ಮಡಚಿ ದಾರಿ ಬಿಟ್ಟ. ಇಲ್ಲ, ಚಿಂತಾಮಣಿಗೆ, ಎಂದು ಮತ್ತೆ ಕೂತ. ಮತ್ಯಾಕಪ್ಪ ಎದ್ದಿದ್ದು ಎನ್ನುವಂತೆ ಮುದುಕ ನೋಡಿದ. ಜ್ವರ ಎಂದರೆ ಇವತ್ತು ತಪ್ಪೀತು, ಸೋಮವಾರ ತಪ್ಪುತ್ತದೆಯೇ? ಸೋಮವಾರ ಸಂಸ್ಥೆಯಲ್ಲಿ ಲೆಕ್ಚರರ್ ಹುದ್ದೆಗೆ ಸಂದರ್ಶನ. ಎಂಟು ವರ್ಷ ಫೆಲೋಶಿಪ್ಪಿನ ಬಾಲ ಹಿಡಿದುಕೊಂಡು ಬಂದವನಿಗೆ ಇದೇ ಕೊನೆಯ ಬಾಗಿಲು. ವಯಸ್ಸಿನ ಮಿತಿ ಮುಂದಿನ ಸಲಕ್ಕೆ ಕಾಯುವುದಿಲ್ಲ. ವಿದೇಶದ ಪತ್ರಿಕೆಯೊಂದು ಅವನ ಲೇಖನವನ್ನು ಒಪ್ಪಿ, ಒಂದೇ ಒಂದು ಕೊಕ್ಕೆ ಹಾಕಿತ್ತು. ತೆಲುಗಿನ ಪರೀಕ್ಷೆಯನ್ನು ಬೇರೊಬ್ಬರು ಇನ್ನೊಮ್ಮೆ ಮಾಡಿ ನೋಡಬೇಕು. ಅದಕ್ಕೇ ಇವತ್ತು ಅಜೀಜಾ ಬರುತ್ತಿದ್ದದ್ದು. ಅದೊಂದು ಮುಗಿಸಿಕೊಂಡು ಬಾರಯ್ಯ, ಕೆಲಸ ನಿನ್ನ ಜೇಬಿನಲ್ಲಿದ್ದ ಹಾಗೆ ಎಂದು ಅವನ ಗೈಡು ಬೆನ್ನು ತಟ್ಟಿದ್ದರು. ತಟ್ಟಿದ ಜಾಗ ಇನ್ನೂ ಬೆಚ್ಚಗಿತ್ತು.

ಲೇಖನದಲ್ಲಿ ಅತ್ತೆಗೆ ಹೆಸರಿರಲಿಲ್ಲ. ಐವತ್ತೆಂಟರ ಗ್ರಾಮೀಣ ಮಹಿಳೆ, ಬಲಗೈ ಬಳಸುವವರು, ಮನೆಮಾತು ತೆಲುಗು, ಪರಿಸರದಿಂದ ಕಲಿತದ್ದು ಕನ್ನಡ. ಮೆದುಳಿನ ಎಡಭಾಗಕ್ಕೆ ರಕ್ತ ನಿಂತು ಬಲಗೈ ಸೋತಿತು. ಆಮೇಲೆ ಆದದ್ದೇ ವಿಚಿತ್ರ: ಕನ್ನಡ ತೊದಲುತ್ತಲಾದರೂ ಉಳಿಯಿತು, ತೊಟ್ಟಿಲಿನಿಂದ ಆಡಿದ ತೆಲುಗು ಒಂದಕ್ಷರ ಉಳಿಯದಂತೆ ಹೋಯಿತು. ಮೊದಲು ಕಲಿತ ಮಾತು ಮೊದಲು ಮರಳುತ್ತದೆ ಎಂದು ದೊಡ್ಡವರು ಹೇಳಿಟ್ಟಿದ್ದಾರಲ್ಲ, ಅದಕ್ಕೆ ಪೂರ್ತಿ ತಲೆಕೆಳಗು. ಎರಡು ಭಾಷೆ ಮೆದುಳಿನಲ್ಲಿ ಬೇರೆ ಬೇರೆ ಬಿಡಾರ ಹೂಡಿರುತ್ತವೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಚನ್ನಕೇಶವ ಬರೆದಿದ್ದ. ಮೊದಲ ವಾರಗಳ ಮೌನಕ್ಕೆ ಬೆಲೆಯಿಲ್ಲ, ಅದು ಎಲ್ಲ ರೋಗಿಗಳಿಗೂ ಬರುವಂಥದು. ತಿಂಗಳುಗಳು ಕಳೆದ ಮೇಲೂ ತೆಲುಗು ಇಲ್ಲವೆಂದಾದರೆ ಮಾತ್ರ ಅವನ ಮಾತು ನಿಲ್ಲುತ್ತದೆ. ತಿಂಗಳುಗಳು ಕಳೆದಿದ್ದವು. ಆಕೆ ಸುಧಾರಿಸಿದ್ದಾರೆ ಎಂದು ಯಾರಾದರೂ ಹೇಳಿದರೆ ಅವನ ಎದೆ ಧಸಕ್ಕೆನ್ನುವುದಕ್ಕೆ ಕಾರಣ ಇದೇ. ಹೆಂಡತಿಯ ತಾಯಿ ಗುಣವಾದರೆ ಹೆದರುವ ಗಂಡು ಭೂಮಿಯ ಮೇಲೆ ತಾನೊಬ್ಬನೇ ಇರಬೇಕು ಎಂದುಕೊಂಡ. ಅಮ್ಮ ಹೇಗಿದ್ದಾರೆ ಎಂದು ಹೆಂಡತಿ ಶ್ಯಾಮಲಳನ್ನು ಕೇಳುವಾಗ ಅವನ ಧ್ವನಿ ತಾನಾಗಿ ತಗ್ಗುತ್ತಿತ್ತು. ಪರವಾಗಿಲ್ಲ ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅವನು ಮುಂದೆ ಕೇಳುತ್ತಿರಲಿಲ್ಲ. ಮನೆಯವರ ವರದಿಯನ್ನು ನಂಬಬಾರದು, ಪ್ರೀತಿಗೆ ಇಲ್ಲದ ಮಾತೂ ಕೇಳಿಸುತ್ತದೆ ಎಂಬುದು ಅವನ ಶಾಸ್ತ್ರ.

ನಿನ್ನೆ ರಾತ್ರಿ ಮಂಚೇನಹಳ್ಳಿಯ ಮನೆಯಲ್ಲಿ ಅಣ್ಣ ಊಟದ ಮಧ್ಯೆ ಮತ್ತೆ ತೆಗೆದಿದ್ದ. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಟೈಂ ಆಫೀಸಿನ ಕೆಲಸ ಖಾಲಿಯಿದೆ, ಸಾಹೇಬರು ಗುರುತಿನವರು, ಹೂಂ ಅಂದರೆ ಆಯಿತು. ಇನ್ನೂ ಎಷ್ಟು ವರ್ಷ ಓದ್ತೀಯಪ್ಪ ಎಂದು ಕೇಳಿದಾಗ ಅಣ್ಣನ ಮುಖದಲ್ಲಿ ವ್ಯಂಗ್ಯವೂ ಇರಲಿಲ್ಲ, ಅದೇ ನೋವು. ಮದುವೆ ಮನೆಗಳಲ್ಲಿ ಇವನನ್ನು ತಲೆ ಡಾಕ್ಟರು ಎಂದು ಪರಿಚಯ ಮಾಡಿಸುತ್ತಿದ್ದರು, ಯಾರಾದರೂ ಅರೆತಲೆನೋವಿಗೆ ಮಾತ್ರೆ ಕೇಳುತ್ತಿದ್ದರು, ಇವನು ಆ ಥರ ಡಾಕ್ಟರಲ್ಲ ಎನ್ನುವಷ್ಟರಲ್ಲಿ ಮತ್ಯಾವ ಥರ ಎಂದು ಕೇಳಿ ಪಾಯಸದ ಕಡೆ ತಿರುಗುತ್ತಿದ್ದರು. ಗೌರಿಬಿದನೂರಿನ ಶಾಲೆಯಲ್ಲಿ ಶ್ಯಾಮಲ ಟೀಚರು. ಸಂಸಾರ ನಡೆಯುತ್ತಿದ್ದದ್ದು ಅವಳ ಸಂಬಳದಲ್ಲಿ. ಅವಳು ಒಂದು ದಿನವೂ ಎತ್ತಿ ಆಡಿದವಳಲ್ಲ. ಆಡಿದ್ದರೆ ಇವನೂ ನಾಲ್ಕು ಮಾತು ಆಡಿ ಹಗುರವಾಗಬಹುದಿತ್ತು. ಏನು ಬರೀತಿದ್ದೀರಿ ಎಂದು ಆಗಾಗ ಕೇಳುತ್ತಿದ್ದಳು. ನಿನಗೆ ಅರ್ಥವಾಗಲ್ಲ ಬಿಡು ಎನ್ನುತ್ತಿದ್ದ. ಮಗಳ ಮುಂದೆ ಕೂತು ತಾಯಿಯ ನಾಲಿಗೆಯ ಬಗ್ಗೆ ಹೇಳಲು ಬಾಯಿ ಬರುತ್ತಿರಲಿಲ್ಲ. ಕೇಳುವುದನ್ನು ಅವಳು ಯಾವತ್ತು ಬಿಟ್ಟಳು ಎಂದು ಅವನಿಗೆ ನೆನಪಿಲ್ಲ.

ಚಿಂತಾಮಣಿಯಲ್ಲಿ ಇಳಿದು ಮುರುಗಮಲ್ಲದ ಬಸ್ಸು ಹತ್ತಿದ. ಹಸಿರು ಚಾದರ ಮಡಿಲಲ್ಲಿಟ್ಟುಕೊಂಡ ಒಂದು ಸಂಸಾರ ಮುಂದಿನ ಸೀಟಿನಲ್ಲಿ ದರ್ಗಾಕ್ಕೆ ಹೊರಟಿತ್ತು. ಅವರಲ್ಲೊಬ್ಬ ಹೆಂಗಸು ಉರ್ದುವಿನಲ್ಲಿ ಮಗುವನ್ನು ಗದರಿ, ಕನ್ನಡದಲ್ಲಿ ಕಂಡಕ್ಟರನಿಗೆ ಊರು ಹೇಳಿ, ಕಿಟಕಿಯಾಚೆ ಸೀಬೆಹಣ್ಣಿನವಳ ಹತ್ತಿರ ತೆಲುಗಿನಲ್ಲಿ ವ್ಯಾಪಾರಕ್ಕಿಳಿದಳು. ಯಾವ ಬಿಡಾರದಿಂದ ಯಾವ ಬಿಡಾರಕ್ಕೆ ಹೋದಳು, ಬಾಗಿಲು ಯಾವಾಗ ತೆಗೆದಳು? ಬೇರೆ ದಿನವಾಗಿದ್ದರೆ ಚನ್ನಕೇಶವ ಖುಷಿಯಾಗುತ್ತಿದ್ದ. ಇವತ್ತು ಅವನ ಕಣ್ಣ ಮುಂದೆ ಆಸ್ಪತ್ರೆಯ ಆ ಕೋಣೆಯೇ ಬಂದು ನಿಂತಿತ್ತು. ಸುಣ್ಣದ ಗೋಡೆ, ಕಬ್ಬಿಣದ ಮಂಚ, ಮಂಚದ ಮೇಲೆ ಅತ್ತೆ ವೆಂಕಟರತ್ನಮ್ಮ. ಒಬ್ಬರೇ ಎರಡೂ ಭಾಷೆಯಲ್ಲಿ ಕೇಳಿದರೆ ರೋಗಿ ಒಂದರೊಳಗೊಂದು ಬೆರೆಸಿಬಿಡುತ್ತಾರೆ ಎಂದು ನಿಯಮ ಮಾಡಿದವನು ಅವನೇ. ಅಜೀಜಾಗೂ ತೆಲುಗು ಚೆನ್ನಾಗಿ ಬರುತ್ತಿತ್ತು. ಆದರೂ ನೀನು ಕನ್ನಡ ತಗೋ, ತೆಲುಗು ನಾನು ನೋಡ್ಕೋತೀನಿ ಎಂದು ಹಂಚಿಕೊಟ್ಟಿದ್ದ. ಸಂಬಂಧಿಕರು ಹೊರಗಿರಬೇಕು ಎಂದು ಇನ್ನೊಂದು ನಿಯಮ. ಬಾಮೈದ ಕೋನಪ್ಪನನ್ನು ಟೀ ಕುಡಿಯಲು ಕಳಿಸಿ ತಾನೇ ಚಿಲಕ ಹಾಕಿದ್ದ. ಅಜೀಜಾ ಚಿತ್ರ ತೋರಿಸಿದರೆ ಆಕೆ ಬೀಗ, ಒನಕೆ, ಬಾಚಣಿಗೆ ಎಂದು ಒದ್ದಾಡಿಕೊಂಡಾದರೂ ಹೇಳಿದರು. ಮಾರನೇ ದಿನ ಅದೇ ಚಿತ್ರಗಳನ್ನು ಹಿಡಿದು ಇವನು ತೆಲುಗಿನಲ್ಲಿ ಕೇಳಿದ. ಆಕೆ ಗೋಡೆಯ ಕಡೆ ತಿರುಗಿದರು. ಯಾವುದು ಬೀಗ ಮುಟ್ಟಿ ತೋರಿಸಿ ಎಂದರೆ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಮೂರನೇ ದಿನವೂ ಹಾಗೇ. ಕಣ್ಣಿಂದ ನೀರು ಬಂತು. ರೋಗಿಗೆ ತನ್ನ ನಷ್ಟದ ಅರಿವಿರುವಂತಿದೆ ಎಂದು ಅವನು ಬರೆದುಕೊಂಡ. ಆ ವಾಕ್ಯ ಲೇಖನದಲ್ಲೂ ಹಾಗೇ ಇತ್ತು. ಗೈಡಿಗೆ ಬಹಳ ಹಿಡಿಸಿದ ವಾಕ್ಯ ಅದು.

ಅತ್ತೆಯ ಊರ ಮುಂದೆ ಬಸ್ಸಿಳಿದವನು ಬೀದಿಯ ಜನರ ಕುಶಲ ಪ್ರಶ್ನೆ ತಪ್ಪಿಸಿಕೊಳ್ಳಲು ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಮನೆಯ ಹಿತ್ತಿಲಿಗೆ ಬಂದ. ಬೇಲಿಯ ಆಚೆ ಯಾರೋ ಹೆಂಗಸು ಕೋಳಿಯನ್ನು ಬೈಯುತ್ತಿದ್ದಳು. ಒಣಹಾಕಿದ ಹುರುಳಿಗೆ ಬಾಯಿ ಹಾಕಿದ ಕೋಳಿ. ಅದರ ವಂಶವನ್ನೆಲ್ಲ ಎತ್ತಿ, ನಿಧಾನವಾಗಿ, ಮಾತಿಗೆ ಮಾತಿಗೆ ತಡೆದು, ಆದರೆ ಎಲ್ಲೂ ಎಡವದೆ, ಒಳ್ಳೇ ರುಚಿಕಟ್ಟಾದ ತೆಲುಗಿನಲ್ಲಿ. ಚನ್ನಕೇಶವನಿಗೆ ಮೊದಲು ನಗು ಬಂತು. ನಗುತ್ತಲೇ ಬೇಲಿ ದಾಟಿ ನೋಡಿದರೆ ವೆಂಕಟರತ್ನಮ್ಮ. ಎಡಗೈಯಲ್ಲಿ ಒಂದು ಕಡ್ಡಿ. ಇವನನ್ನು ಕಂಡದ್ದೇ ಬಾಯಿ ಮುಚ್ಚಿತು. ಕಡ್ಡಿ ಬಿಸಾಕಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕೋಳಿ ಮತ್ತೆ ಹುರುಳಿಗೆ ಬಂತು.

ಅವನು ಅಲ್ಲೇ ನಿಂತ. ಗುಣವಾಗಿಬಿಟ್ಟಿದ್ದಾರೆ, ಎಲ್ಲ ಹೋಯಿತು ಎಂದುಕೊಂಡ. ಆ ಹೊತ್ತಿಗೆ ಅದಕ್ಕಿಂತ ಕೆಟ್ಟದ್ದು ಅವನಿಗೆ ತೋಚಿರಲಿಲ್ಲ. ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬಂದ ಕೋನಪ್ಪ, ಇದೇನು ಭಾವ ಹಿಂದಿನ ಬಾಗಿಲಲ್ಲಿ ಎಂದು ನಕ್ಕು ಹೊರೆ ಇಳಿಸಿದ. ಅಮ್ಮನಿಗೆ ಮಾತು ಯಾವಾಗ ಬಂತು ಎಂದು ಚನ್ನಕೇಶವ ಕೇಳಿದ. ಕೋನಪ್ಪನಿಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಯಾವಾಗ ಅಂದ್ರೆ? ಆಸ್ಪತ್ರೇಲೇ ಮಾತಾಡ್ತಿತ್ತಲ್ಲ ಭಾವ. ನಾಲಿಗೆ ಹೊರಳ್ತಿರ್ಲಿಲ್ಲ ಅಷ್ಟೇಯ."

"ತೆಲುಗಿನಲ್ಲಾ?"

"ಇನ್ಯಾವುದರಲ್ಲಿ ಮಾತಾಡುತ್ತೆ ನನ್ನ ಹತ್ರ."

"ನನ್ನ ಹತ್ರ ಒಂದು ಮಾತೂ ಆಡ್ಲಿಲ್ವಲ್ಲೋ ಕೋನಪ್ಪ. ಮೂರು ದಿನ ಕೇಳಿದೆ."

ಕೋನಪ್ಪ ತಲೆಯ ಮೇಲಿನ ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡ. ಓದಿದವರಿಗೆ ಹೇಗೆ ಹೇಳುವುದು ಎಂಬ ಸಂಕೋಚ ಅವನದು. "ನಿಮ್ಮ ಹತ್ರ ಹೆಂಗೆ ಮಾತಾಡುತ್ತೆ ಭಾವ," ಎಂದ. "ಅತ್ತೆ ಅಲ್ವಾ."

ಅಷ್ಟೇ. ಮಳೆ ಬರುತ್ತೆ, ಬಿಸಿಲು ಬರುತ್ತೆ ಎನ್ನುವಷ್ಟು ಸಲೀಸಾಗಿ ಹೇಳಿ ಅವನು ಸೊಪ್ಪು ಹುಳುವಿನ ಮನೆಗೆ ಒಯ್ದ. ಚನ್ನಕೇಶವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. ಮದುವೆಯಾದಾಗಿನಿಂದ ಆಕೆ ಇವನ ಎದುರಿಗೆ ನಿಂತು ಒಂದು ಮಾತು ಆಡಿದ್ದುಂಟೇ? ಬಾಗಿಲ ಹಿಂದೆ ನಿಂತು, ಅವರಿಗೆ ಇನ್ನೊಂದು ಮುದ್ದೆ ಹಾಕಮ್ಮ ಎಂದು ಮಗಳಿಗೆ ಹೇಳುವರು. ಮಗಳು ಹತ್ತಿರದಲ್ಲಿ ಇಲ್ಲದಿದ್ದರೆ ತಟ್ಟೆಯನ್ನು ಸದ್ದು ಮಾಡಿ ಇಡುವರು. ಇವನಿಗೆ ಅದು ಗೊತ್ತಿರಲಿಲ್ಲವೇ! ಮಂಚೇನಹಳ್ಳಿಯ ಇವನ ಸ್ವಂತ ಅಜ್ಜಿ, ಸೋದರತ್ತೆಯ ಗಂಡ ಬಂದಾಗ, ಎರಡು ಮಾರು ದೂರದಲ್ಲಿ ಕೂತ ಅಳಿಯನಿಗೆ ಹೇಳಬೇಕಾದದ್ದನ್ನು ನಡುಮನೆಯ ಕಂಬಕ್ಕೆ ಹೇಳುತ್ತಿದ್ದಳು. ಮಳೆ ಬರೋ ಹಾಗಿದೆ, ಗದ್ದೆ ಕಡೆ ಹೋಗೋರು ಕೊಡೆ ತಗೊಂಡು ಹೋಗಲಿ ಕಣಪ್ಪ ಎಂದು ಕಂಬಕ್ಕೆ. ಅಳಿಯ ಕೊಡೆ ತೆಗೆದುಕೊಂಡು ಹೋಗುತ್ತಿದ್ದ. ಅದನ್ನೆಲ್ಲ ನೋಡಿಕೊಂಡೇ ಬೆಳೆದವನು, ಕೋಣೆಯ ಚಿಲಕ ಹಾಕಿ, ಕಾಯಿಲೆಯ ಹೆಂಗಸಿನ ಮುಖಕ್ಕೆ ಬಾಚಣಿಗೆಯ ಚಿತ್ರ ಹಿಡಿದು ಇದೇನು ಹೇಳು ಎಂದು ಮೂರು ದಿನ ಕೂತಿದ್ದ. ಸಂಬಂಧಿಕರನ್ನೆಲ್ಲ ಹೊರಗೆ ಕಳಿಸಿದವನಿಗೆ ತಾನೂ ಒಬ್ಬ ಸಂಬಂಧಿಕನೆಂಬುದು ಹೊಳೆಯಲೇ ಇಲ್ಲ. ಆಮೇಲೆ ಮನೆಗೆ ಬಂದಾಗಲೆಲ್ಲ ಆಕೆ ಸುಮ್ಮನಿರುತ್ತಿದ್ದರು, ಹತ್ತು ವರ್ಷದಿಂದ ಇದ್ದ ಹಾಗೇ. ಈ ತಲೆ ಡಾಕ್ಟರು ಅದನ್ನೂ ರೋಗದ ಲೆಕ್ಕಕ್ಕೆ ಸೇರಿಸಿಕೊಂಡಿದ್ದ. ಬಿಡಾರವಂತೆ, ಬಿಡಾರ! ಅವನಿಗೆ ಕಲ್ಲಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಶ್ಯಾಮಲ ಕಾಫಿ ತಂದಳು. ಶಾಲೆಗೆ ರಜೆ ಹಾಕಿ ಎರಡು ದಿನ ಮೊದಲೇ ತಾಯಿಯ ಹತ್ತಿರ ಬಂದಿದ್ದಳು. ಒಗೆಯುವ ಕಲ್ಲಿನ ಮೇಲೆ ಕೂತ ಗಂಡನನ್ನು ಕಂಡು ಏನಾಯ್ತು ರೀ ಎಂದಳು. ಅವನು ಮೊದಲ ಸಲ ಎಲ್ಲ ಹೇಳಿದ, ಲೇಖನ, ಕೊಕ್ಕೆ, ಸೋಮವಾರ, ಅಜೀಜಾ ಯಾಕೆ ಬರುತ್ತಿದ್ದಾಳೆ, ಎಲ್ಲ. ಹೇಳುತ್ತಾ ಹೇಳುತ್ತಾ ಅವಳ ಮುಖ ನೋಡುವುದನ್ನು ಬಿಟ್ಟ. ಬೆಳಿಗ್ಗೆಯಿಂದ ಏನು ಬೇಡಿಕೊಳ್ಳುತ್ತಾ ಬಂದೆ ಎನ್ನುವುದೊಂದನ್ನು ಮಾತ್ರ ಹೇಳಲಿಲ್ಲ.

"ಅಮ್ಮ ಅವತ್ತೇ ನನ್ನ ಹತ್ರ ಹೇಳ್ಕೊಂಡು ಅತ್ಲು," ಎಂದಳು ಶ್ಯಾಮಲ. "ತಲೆ ನೆಟ್ಟಗಿದೆಯಾ ಕೆಟ್ಟಿದೆಯಾ ಅಂತ ಅಳಿಯಂದಿರು ಪರೀಕ್ಷೆ ಮಾಡ್ತಿದ್ದಾರೆ, ಎದುರಿಗೆ ಮಾತಾಡಿಬಿಡ್ತೀನಾ ಅಂತ ನೋಡ್ತಿದ್ದಾರೆ, ನಾನು ಬಾಯಿ ಬಿಡ್ಲಿಲ್ಲ ಕಣಮ್ಮ ಅಂದ್ಲು. ನೀವು ಆಮೇಲೆ ಅಷ್ಟು ಖುಷಿಯಾಗಿದ್ರಲ್ಲ, ಪಾಸಾದೆ ಅಂದ್ಕೊಂಡ್ಲು."

"ನೀನಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ಏನಂತ ಹೇಳ್ಲಿ? ನೀವು ಏನು ಬರೀತಿದ್ದೀರಿ ಅಂತ ನನಗೇನು ಗೊತ್ತು?"

ಕಾಫಿ ಕೆನೆಗಟ್ಟಿತು. ಸೋಮವಾರ ಇದಿಲ್ಲದೆ ಆಗಲ್ವಾ ಎಂದು ಕೇಳಿದಳು. ಆಗಲ್ಲ ಎಂದ. ಕುಡುಮಲಕುಂಟೆಗೆ ಹೋಗ್ತೀರಾ ಎಂದಳು. ಅವನು ಅವಳ ಕಡೆ ನೋಡಿದ, ನೋಟದಲ್ಲಿ ಏನಿತ್ತೋ, ಅವಳೇ ಕಣ್ಣು ತಗ್ಗಿಸಿದಳು. ಅಜೀಜಾ ಎಷ್ಟೊತ್ತಿಗೆ ಬರುತ್ತಾಳೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಲೋಟ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ತಾಯಿ ಮಗಳ ಮಾತು ಸಣ್ಣಗೆ ಕೇಳಿಸತೊಡಗಿತು. ಮಗಳದು ಉದ್ದ, ತಾಯಿಯದು ಚಿಕ್ಕದು. ಒಮ್ಮೆ ಮಾತ್ರ ವೆಂಕಟರತ್ನಮ್ಮನ ಧ್ವನಿ ಏರಿ, ಶ್ಯಾಮಲ ಶ್ ಎಂದಳು. ಏನು ನಡೆಯುತ್ತಿದೆ ಎಂದು ಚನ್ನಕೇಶವನಿಗೆ ಗೊತ್ತಾಯಿತು. ಎದ್ದು ಹೋಗಿ ಬೇಡ ಕಣೇ ಎನ್ನಲು ಹತ್ತು ಹೆಜ್ಜೆಯೂ ಬೇಕಿರಲಿಲ್ಲ. ಏಳಲಿಲ್ಲ. ಬಿಸಿಲಿನಲ್ಲಿ ಕೂತು ಹುರುಳಿಗೆ ಬಂದ ಕೋಳಿಯನ್ನು ಓಡಿಸುವ ಕೆಲಸ ಮಾಡಿದ, ಅದೇ ತನಗೆ ಒಪ್ಪಿಸಿದ ಕೆಲಸವೇನೋ ಎಂಬಷ್ಟು ನಿಷ್ಠೆಯಿಂದ. ನಾನೇನೂ ಹೇಳಲಿಲ್ಲವಲ್ಲ ಎಂದುಕೊಂಡ. ನಾನೇನೂ ಕೇಳಿಕೊಳ್ಳಲಿಲ್ಲವಲ್ಲ. ಇಂಥ ಮಾತು ಮನಸ್ಸಿನೊಳಗೆ ಎಷ್ಟು ಸಲ ಹೇಳಿಕೊಂಡರೂ ಜೊಳ್ಳು ಜೊಳ್ಳೇ.

ಅಜೀಜಾ ಬಂದಾಗ ಊಟದ ಹೊತ್ತು ಮೀರಿತ್ತು. ಬುರ್ಖಾ ಮಡಚಿ ಚೀಲದಲ್ಲಿಟ್ಟು, ಕಾಲು ತೊಳೆದುಕೊಂಡು, ಶ್ಯಾಮಲ ಕೊಟ್ಟ ಮಜ್ಜಿಗೆ ಕುಡಿದು, ತನ್ನ ತಾಯಿ ಕಳಿಸಿದ ಬೇಕರಿ ಬಿಸ್ಕತ್ತಿನ ಪೊಟ್ಟಣ ಕೊಟ್ಟಳು. ಅವಳಿಗೆ ಈ ಮನೆಯ ಮೇಲೆ ವಿಶ್ವಾಸ. ಆಸ್ಪತ್ರೆಯಲ್ಲಿ ಅಮ್ಮ ಇವಳ ಕೈ ಹಿಡಿದುಕೊಂಡೇ ಬೀಗ, ಒನಕೆ ಎಂದು ಮತ್ತೆ ಮಾತು ಕಲಿತವರು. ಪರೀಕ್ಷೆಗೆ ನಡುಮನೆಯಲ್ಲಿ ಚಾಪೆ ಹಾಸಿದರು. ಸರ್, ನೀವು ಹೊರಗಿರಬೇಕು ಎಂದು ಅಜೀಜಾ ನಕ್ಕಳು, ನಿಮ್ಮದೇ ರೂಲು. ಶ್ಯಾಮಲ ಮಾತ್ರ ತಾಯಿಗೆ ಆಸರೆಯಾಗಿ ಹಿಂದೆ ಕೂತಳು. ಅದನ್ನು ಅಜೀಜಾ ಬೇಡವೆನ್ನಲಿಲ್ಲ. ಅವನು ಜಗಲಿಗೆ ಬಂದು ಗೋಡೆಗೆ ಒರಗಿ ಕೂತ. ಬಾಗಿಲಿಗೆ ಚಿಲಕ ಹಾಕಲಿಲ್ಲ, ಸುಮ್ಮನೆ ಮುಂದಕ್ಕೆ ಮಾಡಿದ್ದರು. ರೆಕಾರ್ಡರಿನ ಗುಂಡಿ ಟಕ್ಕೆಂದದ್ದು ಕೇಳಿಸಿತು.

ಶಿಡ್ಲಘಟ್ಟದ ಆ ಬೆಣ್ಣೆಯಂಥ ತೆಲುಗಿನಲ್ಲಿ ಅಜೀಜಾ ಕೇಳಿದಳು, ಇದೇನಮ್ಮಾ. ಒಳಗೆ ಸದ್ದಿಲ್ಲ. ಮತ್ತೆ ಕೇಳಿದಳು. ಸದ್ದಿಲ್ಲ. ಕಾರ್ಡು ತಿರುಗಿಸಿದ ಸದ್ದು. ಇದೇನಮ್ಮಾ, ಇದು, ಅಡುಗೆಮನೆಯಲ್ಲಿರುತ್ತಲ್ಲ. ಸದ್ದಿಲ್ಲ. ಕೇಳುತ್ತಿದ್ದವಳು ಹೆಂಗಸು, ಕೋಣೆಯಲ್ಲಿ ಅಳಿಯನಿರಲಿಲ್ಲ, ಬಾಯಿ ಮುಚ್ಚಿಸುವ ಮರ್ಯಾದೆ ಯಾವುದೂ ಅಲ್ಲಿರಲಿಲ್ಲ. ಬೆಳಿಗ್ಗೆ ಕೋಳಿಯ ವಂಶ ಬಿಡಿಸಿಟ್ಟ ಬಾಯಿ ಅದು. ಒಂದೊಂದು ಕಾರ್ಡಿಗೂ ಅವನ ಲೇಖನ ಗಟ್ಟಿಯಾಗುತ್ತಾ ಹೋಯಿತು. ಇನ್ನು ಸ್ವಲ್ಪ ಹೊತ್ತು. ಸೋಮವಾರ ಕೋಟು ಹಾಕಿಕೊಂಡು ಹೋಗುತ್ತಾನೆ, ಗೈಡು ಬಾಗಿಲವರೆಗೆ ಬರುತ್ತಾರೆ, ಅಣ್ಣ ಊರಿಗೆಲ್ಲ ಹೇಳುತ್ತಾನೆ. ಸುಮ್ಮನಿರಲಿ. ಸುಮ್ಮನಿರಲಿ. ಆಗ ಒಳಗಿಂದ ಒಂದು ಸದ್ದು ಬಂತು. ಮಾತಲ್ಲ. ಮಾತು ಬಾಯಿಯವರೆಗೆ ಬಂದು ಅದನ್ನು ಹಲ್ಲು ಕಚ್ಚಿ ಹಿಂದಕ್ಕೆ ನುಂಗಿದರೆ ಬರುವ ಮುಲುಕು. ಇವನಿಗೆ ಆ ಸದ್ದು ಗೊತ್ತು. ಮಾತು ಕಳೆದುಕೊಂಡವರು ಅದನ್ನು ಹುಡುಕಿಕೊಂಡು ಒದ್ದಾಡುವಾಗ ಬೇರೆ ಸದ್ದು ಬರುತ್ತದೆ, ಎಂಟು ವರ್ಷ ಕೇಳಿದ್ದಾನೆ. ಇದು ಅದಲ್ಲ. ಸೋತ ನಾಲಿಗೆಗೆ ದಿನಕ್ಕೆ ನಾಲ್ಕು ಮಾತು ಕಲಿಸಿಕೊಂಡು ಬಂದ ಹೆಂಗಸು, ಅವನಿಗಾಗಿ ಈಗ ಅದನ್ನು ಕಟ್ಟಿಹಾಕುತ್ತಿದ್ದರು. ಬಾಗಿಲು ತಳ್ಳಿ ಒಳಗೆ ಹೋದದ್ದು ಅವನ ನಿರ್ಧಾರವೋ ಕಾಲಿನದೋ ಅವನಿಗೇ ತಿಳಿಯದು.

"ಅತ್ತೆ," ಎಂದ. ಆಕೆಯ ಎದುರಿಗೇ ನಿಂತು ಹಾಗೆ ಕರೆದದ್ದು ಜೀವಮಾನದಲ್ಲಿ ಮೊದಲ ಸಲ. "ಹೇಳಿಬಿಡಿ ಅತ್ತೆ. ಗೊತ್ತಿರೋದನ್ನ ಹೇಳಿಬಿಡಿ. ಕಟ್ಟಿಹಾಕ್ಬೇಡಿ."

ವೆಂಕಟರತ್ನಮ್ಮ ತಟ್ಟನೆ ಮುಖ ತಿರುಗಿಸಿದರು. ಎಡಗೈ ಸೆರಗಿಗೆ ಹೋಯಿತು, ಸೆರಗು ಕೈಗೆ ಸಿಗಲಿಲ್ಲ. ಒಂದು ಕಡೆ ಎದುರಿಗೆ ನಿಂತ ಅಳಿಯ, ಇನ್ನೊಂದು ಕಡೆ ಮಗಳಿಗೆ ಕೊಟ್ಟ ಮಾತು. ಆ ಗಾಬರಿಯಲ್ಲಿ ಆಕೆ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು. ಮಗಳ ಕಡೆ ತಿರುಗಿ, ಪ್ರತಿ ಮಾತನ್ನೂ ಎತ್ತಿ ಎತ್ತಿ ಇಡುವಂತೆ ಹೇಳಿದರು:

"ವಾರಿನಿ ಬಯಟಿಕಿ ಪೊಮ್ಮನಮ್ಮಾ. ನೇನು ಮಾಟ್ಲಾಡಿತೇ... ವಾರಿ ಪನಿ ಪೋತುಂದಂಟ ಗದಾ."

ಅವರನ್ನು ಹೊರಗೆ ಹೋಗೆನ್ನಮ್ಮ. ನಾನು ಮಾತಾಡಿದರೆ ಅವರ ಕೆಲಸ ಹೋಗುತ್ತಂತಲ್ಲ. ರೆಕಾರ್ಡರಿನ ಒಳಗೆ ಎರಡು ಚಕ್ರ ತಿರುಗುತ್ತಲೇ ಇದ್ದವು. ಶ್ಯಾಮಲ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಏನಾಯಿತು ಎಂದು ವೆಂಕಟರತ್ನಮ್ಮನಿಗೂ ಒಂದು ಕ್ಷಣದ ಮೇಲೆ ಹೊಳೆಯಿತು. ಎಡಗೈಯನ್ನು ಬಾಯಿಗೆ ಒತ್ತಿಕೊಂಡರು. ಅಜೀಜಾ ಕಾರ್ಡಿನಿಂದ ಕಣ್ಣೆತ್ತಿ ಇವನನ್ನು ನೋಡಿದಳು. ಬುದ್ಧಿವಂತೆ, ಎಲ್ಲ ಅರ್ಥವಾಗಿತ್ತು, ಆಸ್ಪತ್ರೆಯ ಮೂರು ದಿನವೂ ಸೇರಿ. ಅವಳ ಹೆಸರೂ ಆ ಲೇಖನದಲ್ಲಿ ಇವನ ಹೆಸರಿನ ಕೆಳಗಿತ್ತು.

"ಬೇಕಂದ್ರೆ ಇದನ್ನ ಅಳಿಸ್ಬಹುದು ಸರ್," ಎಂದಳು ಮೆಲ್ಲಗೆ.

ಅವನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳು. ಬಹಳ ಆಸೆಯಾಯಿತು. ಕೋಣೆಯಲ್ಲಿದ್ದ ಮೂವರೂ ತನ್ನವರೇ, ಒಬ್ಬರೂ ಹೊರಗೆ ಬಾಯಿ ಬಿಡುವವರಲ್ಲ, ಒಂದು ಗುಂಡಿ ಒತ್ತಿದರೆ ಸೋಮವಾರ ಮತ್ತೆ ಇದ್ದಲ್ಲಿಗೆ ಬಂದು ನಿಲ್ಲುತ್ತದೆ. ಆದರೆ ಬಾಯಿಗೆ ಒತ್ತಿಕೊಂಡ ಆ ಕೈಯನ್ನು ವೆಂಕಟರತ್ನಮ್ಮ ಇನ್ನೂ ತೆಗೆದಿರಲಿಲ್ಲ. ಅಪರಾಧ ತನ್ನದೆಂದುಕೊಂಡಿದ್ದರು ಆಕೆ. ಅದನ್ನು ನೋಡಲಾಗಲಿಲ್ಲ ಅವನಿಂದ.

"ಅಳಿಸ್ಬೇಡ. ಮೊದಲಿಂದ ಕೇಳು," ಎಂದ ಅಜೀಜಾಗೆ. ಆಮೇಲೆ ಅತ್ತೆಯ ಕಡೆ ನೋಡದೆ, ಹೆಂಡತಿಯ ಕಡೆ ತಿರುಗಿ, "ನಿಮ್ಮಮ್ಮನಿಗೆ ಹೇಳು ಶ್ಯಾಮಲ," ಎಂದ, "ಕೆಲಸ ಎಲ್ಲೂ ಹೋಗಲ್ವಂತೆ ಅಂತ. ಅವರು ಚೆನ್ನಾಗಿ ಮಾತಾಡಿದ್ರೆ ಅಳಿಯಂದಿರಿಗೆ ಸಂತೋಷವಂತೆ ಅಂತ ಹೇಳು."

ಮೊದಲನೆಯದು ಸುಳ್ಳು. ಎರಡನೆಯದು ಹೇಳುವಾಗ ಸುಳ್ಳೇ ಆಗಿತ್ತು. ಹೊರಗೆ ಬಂದು ಬಾಗಿಲು ಪೂರ್ತಿ ಎಳೆದುಕೊಂಡು ಜಗಲಿಯಲ್ಲಿ ಕೂತ. ಎಂಟು ವರ್ಷ ನೆಲ ಕಚ್ಚಿತ್ತು. ಗೈಡಿಗೆ ಏನು ಹೇಳುವುದು, ಪತ್ರಿಕೆಗೆ ಏನು ಬರೆಯುವುದು, ಅಣ್ಣನ ಮುಖ ಹೇಗೆ ನೋಡುವುದು, ಒಂದೂ ತೋಚಲಿಲ್ಲ. ನಾಚಿಕೆಯೂ ಸಂಕಟವೂ ಒಟ್ಟಿಗೆ ಬಂದು, ಬೀದಿಯಲ್ಲಿ ಹೋಗುವವರಿಗೆ ಕಾಣಬಾರದೆಂದು ಮೊಣಕಾಲಿನ ಮಧ್ಯೆ ತಲೆ ಇಟ್ಟುಕೊಂಡ. ಒಳಗೆ ಶ್ಯಾಮಲ ತಾಯಿಗೆ ಏನೋ ಹೇಳುತ್ತಿದ್ದಳು. ಆಮೇಲೆ ಅಜೀಜಾ, ಇದೇನಮ್ಮಾ.

ತಾಳಮು, ಎಂದರು ವೆಂಕಟರತ್ನಮ್ಮ. ಬೀಗ.

ಇದು? ರೋಕಲಿ. ಒನಕೆ. ಇದು? ದುವ್ವೆನ. ಬಾಚಣಿಗೆ. ಹುಷಾರಾಗಿ, ತಡೆದು ತಡೆದು, ಆದರೆ ಬರುತ್ತಿತ್ತು. ಒಂದೊಂದು ಸರಿಯುತ್ತರಕ್ಕೂ ಅವನ ಲೇಖನದ ಒಂದೊಂದು ಸಾಲು ಹೋಗುತ್ತಿತ್ತು, ಲೆಕ್ಕ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹೀಗೇ ಸಾಗಿ ಒಂದು ಚಿತ್ರದ ಹತ್ತಿರ ಆಕೆ ನಿಂತರು. ಅಜೀಜಾ ಮತ್ತೆ ಕೇಳಿದಳು. ಇಲ್ಲ. ಮೊದಲಕ್ಷರ ಬಾಯಲ್ಲಿ ಹೊರಳಿತು, ಜಾರಿತು, ಮತ್ತೆ ಹೊರಳಿತು. ಈ ಸಲ ಅದು ಹುಡುಕುವವರ ಸದ್ದು. ಚನ್ನಕೇಶವ ತಲೆ ಎತ್ತಿದ. ಯಾವ ಚಿತ್ರವೋ ಅವನಿಗೆ ಕಾಣದು. ಕಿವಿಯನ್ನು ಬಾಗಿಲಿಗೆ ಹಚ್ಚಿ, ಉಸಿರು ಹಿಡಿದು, ಬರುತ್ತೆ ಅತ್ತೆ, ಬರುತ್ತೆ, ಇನ್ನೊಂಚೂರು, ಎಂದು ತುಟಿಯೊಳಗೇ ಹೇಳುತ್ತಾ ಕಾದ. ಒಳಗೆ ಅಜೀಜಾ ಕಾರ್ಡು ತಿರುಗಿಸದೆ ಕಾಯುತ್ತಿದ್ದಳು. ಆಮೇಲೆ ಆಕೆ ಅದನ್ನೂ ಹೇಳಿದರು.